ಮೆತ್ತಗೆ ಅಂದರೆ ಯಾವ ಮೆತ್ತಗೆ

“ಬ್ರೇಕು ಮೆತ್ತಗಾಗಿದೆ” ಅಂದೆ.
ಜಡೆಸಾಮಿ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದ:
“ಮೆತ್ತಗೆ ಅಂದ್ರ ಯಾವ ಮೆತ್ತಗೆ?
ಹತ್ತಿ ಥರವಾ, ಕೆಸರು ಥರವಾ?”

ತಾಳವಾಡಿಯ ದನದ ಆಸ್ಪತ್ರೆಯಲ್ಲಿ
ಹದಿನಾರು ವರ್ಷದಿಂದ ಕಾಂಪೌಂಡರು ನಾನು.
ಕೆಚ್ಚಲು ಮುಟ್ಟಿ, ಇದು ಬಾವು, ಇದು ಹಾಲು ಕಟ್ಟಿದ್ದು ಎಂದು
ಕಣ್ಣು ಮುಚ್ಚಿ ಹೇಳಬಲ್ಲೆ.
ಕೈ ಕಲಿತದ್ದನ್ನು ಕಾಲು ಕಲಿತಿರಲಿಲ್ಲ.

“ಎಷ್ಟು ದಿನಾಯ್ತು?”
“ಮೊನ್ನೆಯಿಂದ.”
ಹಸು ಹಿಡಿದುಕೊಂಡು ಬರುವವರೂ ಹೀಗೇ,
ಹುಣ್ಣಿನಲ್ಲಿ ಹುಳು ಬಿದ್ದಿದ್ದರೂ ಮೊನ್ನೆಯಿಂದ.
ಅವರನ್ನು ಬೈಯುವ ಬಾಯಿ ನನ್ನದು.
ಜಡೆಸಾಮಿ ಬೈಯಲಿಲ್ಲ. ಬಾನೆಟ್ ಎತ್ತಿದ,
ಡಬ್ಬಿಯ ಮುಚ್ಚಳ ತಿರುಗಿಸಿ ಬೆರಳದ್ದಿ
ಬಿಸಿಲಿಗೆ ಹಿಡಿದ.
ಜೇನಿನ ಬಣ್ಣದಲ್ಲಿರಬೇಕಾದ ಎಣ್ಣೆ
ಮೂರು ಸಲ ಕುದಿಸಿದ ಟೀ ಆಗಿತ್ತು.
“ಮೊನ್ನೆಯಿಂದ” ಅಂದ, ಬೆರಳಿಗೆ ಹೇಳಿದ ಹಾಗೆ.

ಕೆಲಸದ ಹುಡುಗ ಊಟಕ್ಕೆ ಹೋಗಿದ್ದ.
“ನೀವೇ ಕೂತ್ಕಳಿ ಡಾಕ್ಟ್ರಮ್ಮ,
ಎಡ ಹಿಂಗಾಲಿಂದ ಸುರು ಮಾಡುವ.”
ತೊಂಬತ್ತಾರರ ಮಾರುತಿಗೂ ಹಿಂಗಾಲು ಮುಂಗಾಲು!
ಚಕ್ರದ ಹಿಂದೆ ಸಣ್ಣ ಪೈಪು, ಪೈಪಿನ ತುದಿಗೆ
ನಮ್ಮ ಆಸ್ಪತ್ರೆಯದೇ ಖಾಲಿ ಕ್ಯಾಲ್ಸಿಯಂ ಬಾಟಲಿ.
ಆಮೇಲೆ ಕಾರಿನಡಿಯಿಂದ ದನಿ ಮಾತ್ರ.

ಒತ್ತಿ.
ಒತ್ತಿದೆ.
ಹಿಡ್ಕಳಿ.
ಹಿಡಿದೆ.
ಸ್ಪ್ಯಾನರ್ ಕಿರ್ರೆಂದಿತು, ಪಾದದಡಿ ಪೆಡಲು ಕುಸಿಯಿತು.
ಬುಡಬ್ಯಾಡಿ, ಬುಡಬ್ಯಾಡಿ, ಬುಡಬ್ಯಾಡಿ...
ಈಗ ಬುಡಿ.

ಗುಳ್ಳೆ ಬರಲಿ ಎಂದು ಹರಕೆ ಹೊತ್ತವಳಂತೆ ಕೂತಿದ್ದೆ.
ಗಾಳಿ ಸೇರಿದ್ದರೆ ಅಗ್ಗದ ಕಾಯಿಲೆ,
ಹೊಟ್ಟೆಯುಬ್ಬರದ ಎಮ್ಮೆಯಂತೆ, ಹೊರಗೆ ಬಂದರೆ ಮುಗಿಯಿತು.
ನಾಲ್ಕೂ ಕಾಲು ಹಿಂಡಿದ ಮೇಲೆ ಬಂದದ್ದು
ಸಾಸಿವೆ ಕಾಳಿನಷ್ಟು ಎರಡು.

“ಎಂಜಿನ್ ಹಾಕಿ. ಒತ್ತಿ ಹಿಡ್ಕಂಡು ಎಣಿಸಿ.”
ಒಂದು, ಎರಡು, ಪೆಡಲು ಗಟ್ಟಿಯಾಗೇ ನಿಂತಿತ್ತು.
ಏಳಕ್ಕೆ, ನಿದ್ದೆ ಹತ್ತಿದ ಮಗುವಿನ ತಲೆ
ಹೆಗಲ ಮೇಲೆ ಜಾರುವ ಹಾಗೆ ಜಾರತೊಡಗಿತು.
ಹನ್ನೆರಡಕ್ಕೆ ನೆಲ.
“ಕೆಸರು” ಅಂದೆ.
“ಕೆಸರು” ಅಂದ.

ಪೈಪು, ಚಕ್ರ, ಪೆಡಲಿನ ಹಿಂದಿನ ಚಾಪೆ,
ಎಲ್ಲೂ ಒಂದು ಹನಿಯಿಲ್ಲ.
“ಹೊರಕ್ಕೆ ಸೋರಿದ್ರ ನೆಲ ಹೇಳ್ತದ.
ಇದು ಒಳಗೊಳಗೇ ಜಾರ್ತಾದ.
ಮಾಸ್ಟರ್ ಸಿಲಿಂಡ್ರು, ಒಳಗಿನ ರಬ್ಬರು ಸವದೋಗದ.”

ಆಗ ಹೇಳಿದೆ.
ಗೌರಿ ಹಬ್ಬಕ್ಕೂ ಮುಂಚಿನಿಂದ ಹೀಗೆ.
ದಿಂಬಂ ಇಳಿಯುವಾಗ, ಹನ್ನೊಂದನೇ ತಿರುವಿನಲ್ಲಿ,
ಒತ್ತಿದ ಕಾಲು ಒತ್ತುತ್ತಲೇ ಹೋಯಿತು.
ಮುಂದೆ ಕೋಸಿನ ಲಾರಿ. ಪಕ್ಕದ ಸೀಟಿನಲ್ಲಿ
ಲಸಿಕೆಯ ಐಸ್ ಡಬ್ಬಿ, ಮಗುವಿನಂತೆ ಬೆಲ್ಟು ಕಟ್ಟಿಸಿಕೊಂಡು.
ಮೂರು ಸಲ ತುಳಿದೆ, ಗೇರು ಇಳಿಸಿದೆ, ಹ್ಯಾಂಡ್‌ಬ್ರೇಕ್ ಎಳೆದೆ.
ನಿಂತಾಗ ಮೂಟೆಯ ದಾರದ ಗಂಟು ಎಣಿಸುವಷ್ಟು ಹತ್ತಿರ.
ಅಂದಿನಿಂದ ತುಳಿದು ತುಳಿದು ಓಡಿಸುತ್ತಿದ್ದೆ,
ಯಾರಿಗೂ ಹೇಳದೆ.

ಜಡೆಸಾಮಿ ಕಿವಿಯ ಬೀಡಿ ತೆಗೆದು ಹಚ್ಚಿದ.
“ಹಸೂಗಾಗಿದ್ರ ಬುಡ್ತಿದ್ರಾ?”

ಕಿಟ್ಟು ಸಿಗುವುದು ಸತ್ಯಮಂಗಲದಲ್ಲಿ.
ಕಾರಿನ ಕೀ ಅವನ ಮೊಳೆಗೆ ನೇತುಬಿತ್ತು.
ಬ್ರೇಕಿನ ರಬ್ಬರಿಗಾಗಿ ಬಸ್ಸಿನಲ್ಲಿ ಕೂತು
ಅದೇ ಇಪ್ಪತ್ತೇಳು ತಿರುವು ಇಳಿಯಬೇಕು.
ಡ್ರೈವರನ ಹಿಂದಿನ ಸೀಟು ಹಿಡಿದೆ.
ಕಿಟಕಿಯಲ್ಲಿ ಮುಂದಿನ ಲಾರಿಗಳ
ಸುಟ್ಟ ಲೈನಿಂಗಿನ ವಾಸನೆ.
ಒಂದೊಂದು ತಿರುವಿಗೂ ನನ್ನ ಬಲಗಾಲು
ಬಸ್ಸಿನ ತಗಡನ್ನು ಒತ್ತುತ್ತದೆ, ಹಿಡಿಯುತ್ತದೆ.
ಬುಡಬ್ಯಾಡಿ, ಬುಡಬ್ಯಾಡಿ.

ಪಕ್ಕದ ಮುದುಕಿ ತನ್ನ ಹುಣಸೆಹಣ್ಣಿನ ಚೀಲವನ್ನು
ನನ್ನ ಪಾದದಡಿಯಿಂದ ಎಳೆದುಕೊಂಡಳು.
“ಮೆದುವಾ ತಾಯೀ, ಮೆದುವಾ.”
ಯಾವ ಮೆದು ಎಂದು ಕೇಳಬೇಕೆನಿಸಿ
ಕಾಲೆತ್ತಿದೆ.
ಅಷ್ಟರಲ್ಲಿ ಹನ್ನೊಂದು ಬಂತು.